ಪೆಂಟಿಯಂ 3ಕ್ಕೆ ಈಗಲೂ ಯಾರು ಮರ್ಯಾದೆ ಕೊಡ್ತಾರೆ? ಜಿಸಿಸಿ, ರಸ್ಟ್, ಗೋ ಹೋಲಿಕೆ

ಮಾವನ ಅಂಗಡಿಯಲ್ಲಿ ಒಂದು ಪೆಂಟಿಯಂ 3 ಕಂಪ್ಯೂಟರ್ ಇದೆ. 512 ಎಂಬಿ ರ‍್ಯಾಮ್. ಅದು ಇನ್ನೂ ಗುಜರಿಗೆ ಹೋಗಿಲ್ಲ ಅಂದರೆ ಕಾರಣ ಹಿಂದಿರುವ ಪ್ಯಾರಲಲ್ ಪೋರ್ಟ್. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಅದಕ್ಕೇ ಜೋತುಬಿದ್ದಿದೆ. "ಬಿಲ್ ಬರ್ತಾ ಇದೆಯಲ್ಲ, ಹೊಸದು ಯಾಕೋ?" ಅಂತಾರೆ ಮಾವ. ಹಳೇ ಬಿಲ್ಲಿಂಗ್ ಪ್ರೋಗ್ರಾಂ ಕೈಕೊಟ್ಟಾಗ ಹೊಸದು ಬರೆಯುವ ಕೆಲಸ ನನ್ನ ತಲೆಗೆ ಬಂತು. ಚಿಕ್ಕ ಪ್ರೋಗ್ರಾಂ ಅಲ್ವಾ ಅಂತ ಸಿ, ರಸ್ಟ್, ಗೋ ಎಂಬ ಮೂರು ಭಾಷೆಗಳಲ್ಲೂ ಬರೆದು ನೋಡಿದೆ. ಓಎಸ್ ಡೆಬಿಯನ್ 12, ಒಂದು ಬಗೆಯ ಲಿನಕ್ಸ್. ಅದರ ನಂತರದ 13 ಇಂಥ ಯಂತ್ರಕ್ಕೆ ಕರ್ನಲ್ (ಓಎಸ್‌ನ ತಿರುಳು) ಕೊಡುವುದೇ ಇಲ್ಲ.

ಇಲ್ಲಿ ಕಾಡುವುದು ಎಸ್‌ಎಸ್‌ಇ2, ಅಂದರೆ ದಶಮಾಂಶ ಲೆಕ್ಕಕ್ಕೂ ಬಳಸುವ ಸಿಪಿಯು ಇನ್‌ಸ್ಟ್ರಕ್ಷನ್‌ಗಳ ಗುಂಪು. ಈ ಇನ್‌ಸ್ಟ್ರಕ್ಷನ್‌ಗಳು ಬಂದದ್ದು 2000ದ ಕೊನೆಗೆ, ಪೆಂಟಿಯಂ 4ರ ಜೊತೆ. 1999ರ ಪೆಂಟಿಯಂ 3ರಲ್ಲಿ ಬರೀ ಎಸ್‌ಎಸ್‌ಇ ಇದೆ. ಡಬಲ್ (64 ಬಿಟ್‌ನ ದಶಮಾಂಶ ಸಂಖ್ಯೆ) ಲೆಕ್ಕಕ್ಕೆ ಹಳೇ ಎಕ್ಸ್87 ಘಟಕವೇ ಗತಿ.

ಮೊದಲು ಜಿಸಿಸಿ, ಸಿ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್. ಅದೇ ಯಂತ್ರದಲ್ಲಿ ಇನ್‌ಸ್ಟಾಲ್ ಮಾಡಿದೆ, ಅಲ್ಲೇ ಕಂಪೈಲ್ ಮಾಡಿದೆ, ಓಡಿತು. ಪೆಂಟಿಯಂ 3 ಅಂತ ಹೆಸರು ಹಿಡಿದು ಹೇಳಲು ಫ್ಲ್ಯಾಗ್ ಕೂಡ ಇದೆ. ಆದರೆ ಒಂದು ವಿಚಿತ್ರ ಕಂಡಿತು. ಆಪ್ಟಿಮೈಸೇಶನ್ (ವೇಗ ಹೆಚ್ಚಿಸುವ ಆಯ್ಕೆ) ಇಲ್ಲದೆ ಒಂದು ಉತ್ತರ, ಹಾಕಿದರೆ ಇನ್ನೊಂದು! ಉಳಿಸಿಟ್ಟ ಮೊತ್ತವನ್ನೂ ಮತ್ತೆ ಲೆಕ್ಕ ಹಾಕಿದ ಮೊತ್ತವನ್ನೂ ಹೋಲಿಸಿದರೆ "ಸಮ ಅಲ್ಲ" ಅನ್ನುತ್ತಿತ್ತು. ಎಕ್ಸ್87 ರಿಜಿಸ್ಟರ್‌ಗಳು (ಸಿಪಿಯು ಒಳಗಿನ ತಾತ್ಕಾಲಿಕ ಜಾಗಗಳು) 80 ಬಿಟ್‌ನವು, ಮೆಮೊರಿಯಲ್ಲಿ ಡಬಲ್‌ಗೆ 64 ಬಿಟ್. ಹೊರಗೆ ಬರೆದಾಗ ಬಾಲ ಕತ್ತರಿಸಿ ಹೋಗುತ್ತದೆ. ಜಿಸಿಸಿಯ ದೂರುಪಟ್ಟಿಯಲ್ಲಿ 323ನೇ ನಂಬರಿನ ಬಗ್ ಇದೇ. 2000ರಿಂದಲೂ ಜನ ಅದನ್ನು ಬೈಯುತ್ತಿದ್ದಾರೆ. ಸಿ99 ಎಂಬ ಸಿ ಭಾಷೆಯ ಸ್ಟ್ಯಾಂಡರ್ಡ್ ಮೋಡ್ ಕೇಳಿದ ಮೇಲೆ ನನ್ನ ಹೋಲಿಕೆ ಸರಿಹೋಯಿತು.

ರಸ್ಟ್‌ನಲ್ಲಿ ಹೆಸರೇ ದಾರಿ ತಪ್ಪಿಸುತ್ತದೆ. ಐ686 ಅಂದರೆ 1995ರ ಪೆಂಟಿಯಂ ಪ್ರೊ, ಅಲ್ವಾ? ರಸ್ಟ್‌ನ ಐ686 ಟಾರ್ಗೆಟ್ (ಯಾವ ಸಿಪಿಯುಗೆ ಕಂಪೈಲ್ ಮಾಡಬೇಕು ಅನ್ನುವ ಆಯ್ಕೆ) ಕೇಳುವುದು ಪೆಂಟಿಯಂ 4. ಗೊತ್ತಿಲ್ಲದೆ ಕಂಪೈಲ್ ಮಾಡಿ ಅಂಗಡಿಗೆ ಒಯ್ದೆ. "ಇಲ್ಲೀಗಲ್ ಇನ್‌ಸ್ಟ್ರಕ್ಷನ್" ಅಂತ ಒಂದೇ ಸಾಲು ಬಂದು ನಿಂತಿತು. ಸಿಪಿಯು ಪೆಂಟಿಯಂ 3 ಅಂತ ಬದಲಿಸಿದರೂ ಪ್ರಯೋಜನವಿಲ್ಲ. ಸ್ಟ್ಯಾಂಡರ್ಡ್ ಲೈಬ್ರರಿ ಮೊದಲೇ ಎಸ್‌ಎಸ್‌ಇ2 ಜೊತೆ ಕಂಪೈಲ್ ಆಗಿ ಬಂದಿರುತ್ತದೆ. ಬೇಕಾದದ್ದು ಐ586 ಟಾರ್ಗೆಟ್. ಅದಕ್ಕೆ ರಸ್ಟ್ ತಂಡದಿಂದ ಲೈಬ್ರರಿ ಸಿಗುತ್ತೆ, ಆ ಯಂತ್ರದ ಮೇಲೇ ಓಡುವ ಸಿದ್ಧ ಕಂಪೈಲರ್ ಸಿಗಲ್ಲ. ಹಾಗಾಗಿ ಲ್ಯಾಪ್‌ಟಾಪೇ ಆಸರೆ. ಲ್ಯಾಪ್‌ಟಾಪಿನ ಹೊಸ ಜಿಲಿಬ್‌ಸಿಗೂ (ಲಿನಕ್ಸ್‌ನ ಸಿ ಲೈಬ್ರರಿ) ಅಂಗಡಿಯ ಹಳೆಯದಕ್ಕೂ ತಾಳೆಯಾಗದೆ ಇನ್ನೊಂದು ಸಂಜೆ ಹೋಯಿತು. ಕೊನೆಗೆ ಮಸಲ್ ಎಂಬ ಇನ್ನೊಂದು ಸಿ ಲೈಬ್ರರಿಯನ್ನು ಬೈನರಿಯೊಳಗೇ ಸೇರಿಸಿ (ಸ್ಟ್ಯಾಟಿಕ್ ಆಗಿ) ಕಟ್ಟಿದೆ, ಓಡಿತು. ಇಲ್ಲೂ ಲೆಕ್ಕ ಮಾಡುವುದು ಎಕ್ಸ್87. ಕೊನೆಯ ಅಂಕಿಗಳನ್ನು ಪೂರ್ತಿ ನಂಬಬೇಡಿ.

ಗೋ ಬಗ್ಗೆ ನನಗೆ ಆಸೆಯೇ ಇರಲಿಲ್ಲ. 2021ರ 1.16ರಲ್ಲಿ ಅದು ಎಕ್ಸ್87 ಅನ್ನು ಕೈಬಿಟ್ಟಿತು. ಬದಲಿಗೆ ಸಾಫ್ಟ್‌ಫ್ಲೋಟ್ ಕೊಟ್ಟಿತು. ಅಂದರೆ ದಶಮಾಂಶ ಲೆಕ್ಕವನ್ನೆಲ್ಲ ಪೂರ್ಣಾಂಕದ ಇನ್‌ಸ್ಟ್ರಕ್ಷನ್‌ಗಳಲ್ಲೇ ಮಾಡುವುದು. ಮನೇಲಿ ಮಿಕ್ಸಿ ಇಟ್ಟುಕೊಂಡು ಒರಳಲ್ಲಿ ರುಬ್ಬಿದ ಹಾಗೆ. ನಿಧಾನ ಹೌದು. ಆದರೆ ಲ್ಯಾಪ್‌ಟಾಪಿನ ಉತ್ತರವೂ ಅಂಗಡಿಯ ಉತ್ತರವೂ ಕೊನೆಯ ಬಿಟ್‌ವರೆಗೆ ಒಂದೇ ಬಂತು. ಎರಡು ಎನ್ವಿರಾನ್‌ಮೆಂಟ್ ವೇರಿಯಬಲ್ ಹಾಕಿದರೆ ಲ್ಯಾಪ್‌ಟಾಪಲ್ಲೇ ಬೈನರಿ ತಯಾರು. ಲಿಂಕರ್ ಜಗಳ ಇಲ್ಲ, ಜಿಲಿಬ್‌ಸಿ ಜಗಳ ಇಲ್ಲ.

ಬೇರೆ ಭಾಷೆಗಳ ಪ್ರೋಗ್ರಾಂ ಓಡಿಸುವ ರನ್‌ಟೈಮ್‌ಗಳನ್ನೂ ಸುಮ್ನೆ ನೋಡಿದೆ. ಪೈಥಾನ್ ಸಿಯಲ್ಲಿ ಬರೆದದ್ದು, ಆರಾಮಾಗಿ ಓಡುತ್ತೆ. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ ಕಥೆ ಬೇರೆ. ಅದರ ವಿ8 ಎಂಜಿನ್ ಓಡುತ್ತಲೇ ಮೆಷಿನ್ ಕೋಡ್ ಬರೆಯುತ್ತದೆ, ಬರೆಯುವುದು ಎಸ್‌ಎಸ್‌ಇ2 ಇದೆ ಅಂತ ನಂಬಿಕೊಂಡು. ಜಾವಾ ಅಂತೂ ಜೆಡಿಕೆ 25ರಲ್ಲಿ 32 ಬಿಟ್ ಎಕ್ಸ್86 (ಪೆಂಟಿಯಂ ಥರದ ಸಿಪಿಯು) ಬೆಂಬಲವನ್ನೇ ತೆಗೆದುಹಾಕಿದೆ. ಉಳಿದಿರುವುದು ಝೀರೋ ಎಂಬ ನಿಧಾನದ ಇಂಟರ್‌ಪ್ರಿಟರ್ ಮಾತ್ರ.

ಅಂಗಡಿಯಲ್ಲಿ ಈಗ ಓಡುತ್ತಿರುವುದು ಗೋ. ನಿಜ ಹೇಳಬೇಕೆಂದರೆ, ದುಡ್ಡನ್ನು ಡಬಲ್‌ನಲ್ಲಿ ಇಟ್ಟಿದ್ದೇ ನನ್ನ ಪೆದ್ದುತನ. ಎಲ್ಲವನ್ನೂ ಪೈಸೆಯ ಪೂರ್ಣಾಂಕಕ್ಕೆ ಬದಲಿಸಿದ ಮೇಲೆ ಸಾಫ್ಟ್‌ಫ್ಲೋಟ್‌ಗೆ ಮಾಡಲು ಕೆಲಸವೇ ಇಲ್ಲ, ನಿಧಾನದ ಮಾತೂ ಇಲ್ಲ. ಫೋಟೋ ಅಥವಾ ಆಡಿಯೋ ಥರದ ಲೆಕ್ಕ ಜಾಸ್ತಿ ಇದ್ದಿದ್ದರೆ ಕಣ್ಣು ಮುಚ್ಚಿ ಜಿಸಿಸಿ ಹಿಡಿಯುತ್ತಿದ್ದೆ. ಸಿಯಲ್ಲಿ ಬರೆದದ್ದನ್ನು ಅಳಿಸಿಲ್ಲ. ಗೋ ಸಾಫ್ಟ್‌ಫ್ಲೋಟನ್ನೂ ಕೈಬಿಟ್ಟ ದಿನ, ಮಾವನ ಪ್ರಿಂಟರ್ ಇನ್ನೂ ಕಿರ್ರ್ ಅನ್ನುತ್ತಿದ್ದರೆ, ಅದು ಬೇಕಾಗುತ್ತೆ.