ಒಳನಗರದ ಒರಟು ಬಡಾವಣೆಯೋ, ಹೊರವಲಯದ ಶಾಂತ ಬಡಾವಣೆಯೋ?

ಹೆಸರು ಕೆಟ್ಟಿರುವುದರಿಂದಲೇ ಒಳನಗರದ ಕೆಲವು ಬಡಾವಣೆಗಳಲ್ಲಿ ಬಾಡಿಗೆ ಕೈಗೆಟುಕುವಂತಿರುತ್ತದೆ. ಹೊರವಲಯದಲ್ಲಿ ಅಷ್ಟೇ ಹಣಕ್ಕೆ ಒಂದು ಕೋಣೆ ಹೆಚ್ಚು ಸಿಗಬಹುದಾದರೂ, ಅಲ್ಲಿ ಉಳಿಸಿದ್ದು ಎಷ್ಟೋ ಸಲ ಪ್ರಯಾಣದ ಖರ್ಚಿಗೇ ಸರಿಹೋಗುತ್ತದೆ.

ನಿಜವಾದ ವ್ಯತ್ಯಾಸ ತಿಳಿಯುವುದು ರಾತ್ರಿ. ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಯುರೋಪ್ ವಲಯಕ್ಕೆ ನೀಡಿದ ಮಾರ್ಗಸೂಚಿಯು ರಾತ್ರಿಯ ರಸ್ತೆ ಸಂಚಾರದ ಸರಾಸರಿ ಸದ್ದು 45 ಡೆಸಿಬಲ್‌ಗಿಂತ ಕಡಿಮೆ ಇರಬೇಕೆನ್ನುತ್ತದೆ. ಮುಖ್ಯರಸ್ತೆಗೆ ಮುಖಮಾಡಿದ ಒಳನಗರದ ಮಲಗುವ ಕೋಣೆಯ ಕಿಟಕಿಯ ಹೊರಗೆ ಅದನ್ನು ನಿರೀಕ್ಷಿಸುವುದು ಕಷ್ಟ. ಬಾರ್ ಮುಚ್ಚುವ ಹೊತ್ತಿನ ಗಲಾಟೆ ಅಡಗುವಷ್ಟರಲ್ಲಿ ಕಸದ ಲಾರಿ ಬಂದಿರುತ್ತದೆ. ಆದ್ದರಿಂದ ಹಿತ್ತಲ ಕಡೆಯ ಕೋಣೆ ಚಿಕ್ಕದಾದರೂ ಅದನ್ನೇ ಆರಿಸುವುದು ಲೇಸು.

ಸುರಕ್ಷತೆಯ ವಿಷಯದಲ್ಲಿ ಎರಡರ ಬಗೆಗೂ ಪೂರ್ವಗ್ರಹಗಳಿವೆ. ಒಳನಗರದಲ್ಲಿ ಸೈಕಲ್ ಕಳುವು, ಒಡೆದ ಕಾರಿನ ಗಾಜು, ಮೆಟ್ಟಿಲ ಬಳಿ ಕುಡಿದು ಮಲಗಿದವರು ಎದುರಾಗಬಹುದು. ಆದರೆ ತಡರಾತ್ರಿಯವರೆಗೆ ಅಂಗಡಿ ತೆರೆದಿರುವ ಬೀದಿಯಲ್ಲಿ ನೋಡುವ ಕಣ್ಣುಗಳೂ ಇರುತ್ತವೆ. ಹೊರವಲಯದ ಬೀದಿ ಅಚ್ಚುಕಟ್ಟಾಗಿದ್ದರೂ, ಕೊನೆಯ ಬಸ್ಸಿಳಿದು ನಿರ್ಜನ ರಸ್ತೆಯಲ್ಲಿ ಒಬ್ಬರೇ ನಡೆಯುವುದು ನನ್ನ ದೃಷ್ಟಿಯಲ್ಲಿ ಹೆಚ್ಚು ಅಳುಕಿನ ಸಂಗತಿ. ವಾರಾಂತ್ಯದ ರಾತ್ರಿ 11 ಗಂಟೆಗೆ ಎರಡೂ ಕಡೆ ನಡೆದು ನೋಡದೆ ಮುಂಗಡ ಕೊಡಬಾರದು.

ಹಳೆಯ ಕಟ್ಟಡಗಳಲ್ಲಿ ತೇವ, ಸವೆದ ವೈರಿಂಗ್, ಕಟ್ಟಿಕೊಂಡ ಕೊಳವೆ ಸಾಮಾನ್ಯ: ಅಡುಗೆಮನೆಯ ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟು ಸ್ನಾನದ ಮನೆಯ ನೀರು ಸಣ್ಣಗಾಗುತ್ತದೆಯೇ ಎಂದು ನೋಡಿ. ಹೊಸ ಬಡಾವಣೆಗಳಲ್ಲಿ ಈ ತಾಪತ್ರಯ ಕಡಿಮೆ.

ಒಳನಗರಕ್ಕೆ ಹಣವುಳ್ಳವರು ಬರತೊಡಗಿದರೆ ಬಾಡಿಗೆ ಏರುತ್ತದೆ. ಕರಾರಿನ ಅವಧಿ ಉದ್ದವಿರಲಿ.