ಇರುವೆಗೆ ಬೋರಿಕ್ ಪುಡಿಯ ಸಿಹಿನೀರು: ವಿಜಯಪುರದ ಬಿಸಿಲಿನಲ್ಲಿ ಬಳಸಿ ಕಂಡದ್ದು

ವಿಜಯಪುರದ ಹಳೆಯ ಕಲ್ಲುಗೋಡೆಯ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಅಡುಗೆಮನೆಗೆ ಇರುವೆಯ ಸಾಲು ತಪ್ಪಿದ್ದಲ್ಲ. ನಮ್ಮಲ್ಲಿ ಬಹುಕಾಲ ಇರುವೆ ಚಾಕ್‌ಪೀಸಿನ ಗೆರೆಯನ್ನೇ ನಂಬಿದ್ದೆವು. ಈಗ ಔಷಧದ ಅಂಗಡಿಯಲ್ಲಿ ಸಿಗುವ ಬೋರಿಕ್ ಪುಡಿಯಿಂದ ಮನೆಯಲ್ಲೇ ಆಮಿಷ ತಯಾರಿಸುತ್ತಿದ್ದೇವೆ. ಚಾಕ್‌ಪೀಸಿಗಿಂತ ಇದು ಎಷ್ಟೋ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಅಳತೆ ಕೆಟ್ಟರೆ ಇದರಿಂದಲೂ ಪ್ರಯೋಜನವಿಲ್ಲ.

ಚಾಕ್‌ಪೀಸಿನಲ್ಲಿರುವ ಕೀಟನಾಶಕವು ಗೆರೆ ದಾಟಿದ ಇರುವೆಯನ್ನಷ್ಟೇ ಕೊಲ್ಲುತ್ತದೆ. ಗೂಡಿನೊಳಗೆ ರಾಣಿ ಮೊಟ್ಟೆಯಿಡುತ್ತಲೇ ಇರುವುದರಿಂದ ಸಾಲು ಮತ್ತೊಂದು ಸಂದಿನಿಂದ ಹೊರಡುತ್ತದೆ. ಬೋರಿಕ್ ಆಮಿಷದ ಗುಣವಿರುವುದು ಅದರ ನಿಧಾನದಲ್ಲಿ: ಆಹಾರ ತರಲು ಬಂದ ಇರುವೆ ಸಿಹಿನೀರನ್ನು ಹೊಟ್ಟೆ ತುಂಬ ಹೀರಿ, ಗೂಡಿಗೆ ಮರಳಿ, ಬಾಯಿಂದ ಬಾಯಿಗೆ ಉಳಿದ ಇರುವೆಗಳಿಗೂ ಮರಿಗಳಿಗೂ ರಾಣಿಗೂ ಉಣಿಸುವಷ್ಟು ಕಾಲ ಬದುಕಿರಬೇಕು. ಹೀಗಾಗಿ ಪುಡಿ ಹೆಚ್ಚು ಹಾಕಿದಷ್ಟೂ ಒಳ್ಳೆಯದೆಂಬ ಎಣಿಕೆ ಇಲ್ಲಿ ನಡೆಯದು. ಅರ್ಧ ಲೀಟರ್ ಬೆಚ್ಚಗಿನ ನೀರಿಗೆ 50 ಗ್ರಾಂ ಸಕ್ಕರೆ, 5 ಗ್ರಾಂ ಬೋರಿಕ್ ಪುಡಿ, ಅಂದರೆ ಸುಮಾರು ಶೇ. 1ರಷ್ಟು, ಸಾಕು. ಪತ್ತಾರರು ಬೆಸುಗೆಗೆ ಬಳಸುವ ಬಿಳಿಗಾರವಾದರೆ (ಬೋರಾಕ್ಸ್) ಬೋರಿಕ್ ಪುಡಿಯ ಒಂದೂವರೆ ಪಟ್ಟು ಬೇಕಾಗುತ್ತದೆ. ಕೇರಂ ಬೋರ್ಡಿನ ಪುಡಿಯನ್ನೂ ಕೆಲವರು ಬಳಸುತ್ತಾರೆ, ಆದರೆ ಎಲ್ಲ ಕೇರಂ ಪುಡಿಯೂ ಬೋರಿಕ್ ಅಲ್ಲವಾದ್ದರಿಂದ ಪೊಟ್ಟಣದ ಮೇಲಿನ ಬರಹವನ್ನು ಓದಿಕೊಳ್ಳಬೇಕು.

ನಾನು ಸಕ್ಕರೆಯ ಬದಲು ಮಹಾಲಿಂಗಪುರದ ಬೆಲ್ಲ ಹಾಕುತ್ತೇನೆ. ಬಣ್ಣದಿಂದಾಗಿ ಇದು ಬರಿಯ ನೀರಲ್ಲವೆಂದು ಮನೆಯವರಿಗೆ ಥಟ್ಟನೆ ತಿಳಿಯುತ್ತದೆ. ಹತ್ತಿಯ ಉಂಡೆಯನ್ನು ಅದರಲ್ಲಿ ಅದ್ದಿ ಸಾಲಿನ ಪಕ್ಕದಲ್ಲಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಇರುವೆಗಳು ಸುತ್ತಲೂ ತಲೆ ಒಳಗೆ ಮಾಡಿ ನಿಲ್ಲುತ್ತವೆ. ತಿಳಿ ಬಣ್ಣದ ಸಣ್ಣ ಇರುವೆಗಳ ಉಬ್ಬಿದ ಹೊಟ್ಟೆಯಲ್ಲಿ ಬೆಲ್ಲದ ಬಣ್ಣ ಹೊರಗೇ ಕಾಣುತ್ತದೆ. ಮೊದಲೆರಡು ದಿನ ಸಾಲು ಮೊದಲಿಗಿಂತ ದಪ್ಪವಾದರೂ ಗಾಬರಿಯಾಗದೆ, ಒರೆಸದೆ, ಔಷಧ ಸಿಂಪಡಿಸದೆ ಬಿಡಬೇಕು. ವಾರ ಕಳೆಯುವುದರೊಳಗೆ ನಮ್ಮಲ್ಲಿ ಸಾಲು ತೆಳುವಾಗುತ್ತ ಬಂದು ನಿಂತಿತು.

ನಮ್ಮ ಊರಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಹತ್ತಿಯಲ್ಲಿನ ನೀರು ಬೇಗ ಆರಿ, ಉಳಿದ ದ್ರವದಲ್ಲಿ ಬೋರಿಕ್ ಪ್ರಮಾಣ ಏರುತ್ತದೆ. ಆಗ ಇರುವೆಗಳು ಒಂದೋ ಅದನ್ನು ಮುಟ್ಟುವುದಿಲ್ಲ, ಇಲ್ಲವೇ ಗೂಡು ಸೇರುವ ಮೊದಲೇ ಸಾಯುತ್ತವೆ. ಆದ್ದರಿಂದ ಏಪ್ರಿಲ್‌, ಮೇ ತಿಂಗಳಲ್ಲಿ ಹತ್ತಿಯನ್ನು ದಿನವೂ ಬದಲಿಸುವುದು ಅಗತ್ಯ.

ಸಿಹಿಗೆ ಬಾರದೆ ಎಣ್ಣೆ ಪದಾರ್ಥಗಳಿಗೇ ಮುತ್ತುವ ಇರುವೆಗಳೂ ಇವೆ. ಅವುಗಳಿಗೆ ಅರೆದ ಶೇಂಗಾದಲ್ಲಿ ಇದೇ ಪುಡಿಯನ್ನು ತುಸುವೇ ಕಲಸಿ ಇಡಬೇಕಾಗುತ್ತದೆ. ಆದರೆ ಅದು ನೋಡಲು ಊಟದ ಶೇಂಗಾ ಹಿಂಡಿಯಂತೆಯೇ ಇರುವುದರಿಂದ ಅಡುಗೆಮನೆಯ ಪಾತ್ರೆಯಲ್ಲಿ ಕಲಸಲೂಬಾರದು, ಅಲ್ಲಿಡಲೂಬಾರದು. ಬೋರಿಕ್ ಪುಡಿ ಹೊಟ್ಟೆಗೆ ಹೋದರೆ ಮಕ್ಕಳಿಗೂ ಸಾಕುಪ್ರಾಣಿಗಳಿಗೂ ವಿಷ. ಇರುವೆ ಮಾತ್ರ ನುಸುಳುವಂತೆ ತೂತು ಕೊರೆದ ಮುಚ್ಚಳದ ಡಬ್ಬಿಯಲ್ಲಿಟ್ಟು, ಮೇಲೆ ‘ವಿಷ’ ಎಂದು ದಪ್ಪಕ್ಷರದಲ್ಲಿ ಬರೆಯಿರಿ. ತೆವಳುವ ಕೂಸು ಇರುವ ಮನೆಯಲ್ಲಿ ಇದನ್ನು ಬಳಸಲೇಬೇಡಿ. ಅಂಥಲ್ಲಿ ಇರುವೆ ನಡೆದ ದಾರಿಯನ್ನು ಸೋಪಿನ ನೀರಿನಿಂದ ಒರೆಸಿ, ಗೋಡೆಯ ಸಂದುಗಳಿಗೆ ಸಿಮೆಂಟು ತುಂಬಿಸಿ.