ಸುಂಟಿಕೊಪ್ಪದ ಹತ್ತಿರದ ಮಸಾಜ್ ಕೇಂದ್ರ: ಹೋಗುವ ಮೊದಲು ಇಷ್ಟು ಗೊತ್ತಿರಲಿ

ಸುಂಟಿಕೊಪ್ಪದಿಂದ ಮಡಿಕೇರಿ ಕಡೆ ಹೋಗುವಾಗ ರಸ್ತೆಯಿಂದ ಸ್ವಲ್ಪ ಒಳಗೆ, ತೋಟದ ಮಧ್ಯೆ ಇರುವ ಚಿಕ್ಕ ಕೇಂದ್ರ ಇದು. ಹಳೇ ಹೆಂಚಿನ ಮನೆ, ಮೂರೇ ರೂಮು. ಬೋರ್ಡಿನಲ್ಲಿ ‘ಹೋಲಿಸ್ಟಿಕ್ ಮಸಾಜ್ ಥೆರಪಿ’ ಅಂತ ಇದೆ, ಒಳಗೆ ನಡೆಯುವುದು ಹೆಚ್ಚಾಗಿ ಆಯುರ್ವೇದದ ಎಣ್ಣೆ ಮಸಾಜ್. ನಾನು ಮತ್ತೆ ಹೋಗುತ್ತೇನೆ, ಕೇಳಿದವರಿಗೂ ಹೇಳುತ್ತೇನೆ. ಮುಖ್ಯ ಕಾರಣ, ಎಣ್ಣೆ ಬಿಸಿಗಿಡುವ ಮೊದಲೇ ಅವರು ಕೂರಿಸಿಕೊಂಡು ಕೇಳಿದ ಪ್ರಶ್ನೆಗಳು.

ಕಾಫಿ ಕುಯ್ಲು, ಅದರ ಬೆನ್ನಿಗೇ ಕರಿಮೆಣಸು. ಎರಡೂ ಮುಗಿಯುವ ಹೊತ್ತಿಗೆ ನನ್ನ ಬಲ ಭುಜ ಮೇಲೆ ಎತ್ತಲು ಆಗುತ್ತಿರಲಿಲ್ಲ. ಡಾಕ್ಟರಿಗೆ ತೋರಿಸಿದ್ದೆ. ಮೂಳೆಗೆ ಏನೂ ಆಗಿಲ್ಲ, ಸ್ನಾಯು ಬಿಗಿದಿದೆ ಅಂದಿದ್ದರು. ಹಾಗಾಗಿ ಇಲ್ಲಿಗೆ ಹೋದೆ.

ಇಲ್ಲಿರುವ ವೈದ್ಯೆ ಬಿಎಎಂಎಸ್, ಅಂದರೆ ಆಯುರ್ವೇದ ವೈದ್ಯ ಪದವಿ, ಓದಿದವರು. ಬಿಪಿ ಇದೆಯಾ, ಸಕ್ಕರೆ ಇದೆಯಾ, ಯಾವ ಮಾತ್ರೆ ತಗೋತೀರಾ, ಹಿಂದೆ ಆಪರೇಷನ್ ಏನಾದರೂ ಆಗಿದೆಯಾ, ಎಳ್ಳು ತೆಂಗು ಬಾದಾಮಿ ಯಾವುದಾದರೂ ಆಗಲ್ವಾ, ಮುಟ್ಟು ಯಾವಾಗ, ನಿದ್ದೆ ಹೇಗೆ, ಬೆಳಿಗ್ಗೆ ಏನು ತಿಂದಿರಿ, ಯಾವ ಕಡೆ ತಿರುಗಿ ಮಲಗುತ್ತೀರಿ, ಹೀಗೆ ಎಲ್ಲವನ್ನೂ ನಿಧಾನವಾಗಿ ಕೇಳಿ ಬರೆದುಕೊಂಡರು. ಜಿಗಣೆ ಕಚ್ಚಿದ ಗಾಯ ಇದೆಯಾ ಅಂತಲೂ ಕೇಳಿದರು. ಇದು ನಮ್ಮೂರಿನವರಿಗೇ ಹೊಳೆಯುವ ಪ್ರಶ್ನೆ ಅಲ್ವಾ! ಜಿಗಣೆ ಕಚ್ಚಿದ ಜಾಗದಲ್ಲಿ ರಕ್ತ ಬೇಗ ನಿಲ್ಲುವುದಿಲ್ಲ, ಹಾಗೆ ತೆರೆದ ಗಾಯದ ಮೇಲೆ ಎಣ್ಣೆ ಹಾಕಿ ಉಜ್ಜಿದರೆ ಕೀವಾಗಬಹುದು. ಮಳೆಗಾಲದಲ್ಲಿ ತೋಟ ಸುತ್ತಿಯೋ, ತಡಿಯಂಡಮೋಳ್ ಹತ್ತಿಯೋ ಬಂದವರು ಕಾಲು ಒಮ್ಮೆ ಸರಿಯಾಗಿ ನೋಡಿಕೊಂಡು ಹೋಗಿ. ಕೊನೆಗೆ ಮೊಣಕೈ ಒಳಭಾಗಕ್ಕೆ ಒಂದು ಹನಿ ಎಣ್ಣೆ ಹಚ್ಚಿ, ಕೆರೆತ ಬರುತ್ತಾ ಅಂತ ಕಾದು ನೋಡಿದರು. ಅಲರ್ಜಿ ಬೇಗ ಆಗುವ ಮೈ ಇದ್ದರೆ ಹಿಂದಿನ ದಿನವೇ ಎಣ್ಣೆ ಹಚ್ಚಿ ನೋಡುವುದು ಇನ್ನೂ ಒಳ್ಳೆಯದು.

ನನ್ನ ಜೊತೆ ಅತ್ತೆಯೂ ಬಂದಿದ್ದರು. ಅವರಿಗೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ, ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ನಡೆಯುತ್ತಿದೆ. ಮಂಡಿ ನೋವಿಗೆ ಮಸಾಜ್ ಮಾಡಿಸಬೇಕು ಅಂತ ಅವರಿಗೆ ತುಂಬ ಆಸೆ. ವೈದ್ಯೆ ಮಾತ್ರೆ ಚೀಟಿ ನೋಡಿ, ಹೃದಯದ ಡಾಕ್ಟರಿಂದ ಒಂದು ಪತ್ರ ತನ್ನಿ, ಅಲ್ಲಿವರೆಗೆ ಬೇಡ ಅಂದುಬಿಟ್ಟರು. ಅತ್ತೆಗೆ ಬೇಜಾರಾಯಿತು. ದುಡ್ಡು ಕೊಡ್ತೀನಿ ಅಂದರೂ ಬೇಡ ಅಂತಾರಲ್ಲ ಅಂತ ದಾರಿಯುದ್ದಕ್ಕೂ ಹೇಳಿದರು. ಆದರೆ ವೈದ್ಯೆ ಮಾಡಿದ್ದು ಸರಿ. ಅಂಥ ಮಾತ್ರೆ ತಗೊಳ್ಳುವವರಿಗೆ ಜೋರಾಗಿ ಒತ್ತಿದರೆ ಚರ್ಮದ ಕೆಳಗೆ ರಕ್ತ ಸೋರಿ ಕಂದಿ ಹೋಗಬಹುದು. ಬಂದ ಗಿರಾಕಿಯನ್ನು ಹೀಗೆ ವಾಪಸ್ ಕಳಿಸುವ ಧೈರ್ಯ ಇರುವ ಜಾಗವನ್ನು ನಾನು ನಂಬುತ್ತೇನೆ.

ಅವತ್ತು ವೈದ್ಯೆ ಇನ್ನೊಂದು ಮಾತು ಹೇಳಿದರು. ಇದನ್ನು ಎಲ್ಲರೂ ನೆನಪಿಡಲೇಬೇಕು. ಒಂದೇ ಕಾಲಿನ ಮೀನಖಂಡ ಊದಿಕೊಂಡು, ಬಿಸಿಯಾಗಿ, ಮುಟ್ಟಿದರೆ ನೋವಾಗುತ್ತಿದ್ದರೆ ಮಸಾಜ್ ಮಾಡಿಸಲೇಬಾರದು. ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಒತ್ತಿದಾಗ ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಬಹಳ ದಿನ ಹಾಸಿಗೆ ಹಿಡಿದವರು, ಈಚೆಗೆ ಆಪರೇಷನ್ ಆದವರು, ಗಂಟೆಗಟ್ಟಲೆ ಕೂತು ಪ್ರಯಾಣ ಮಾಡುವವರಲ್ಲಿ ಇದರ ಸಾಧ್ಯತೆ ಜಾಸ್ತಿ. ಕಾಲು ಹಿಡಿದುಕೊಂಡಿದೆ, ಸ್ವಲ್ಪ ಒತ್ತಿಸಿಕೊಳ್ಳೋಣ ಅಂತ ಹೋಗಬೇಡಿ, ನೇರ ಆಸ್ಪತ್ರೆಗೆ ಹೋಗಿ. ಜ್ವರ, ಹರಡುವ ಚರ್ಮದ ಕಾಯಿಲೆ, ಕೂಡದ ಮೂಳೆ, ಹತೋಟಿಗೆ ಬಾರದ ಬಿಪಿ ಇದ್ದರೂ ಮಸಾಜ್ ಬೇಡ. ಬಸುರಿಯರು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು, ಮೂಳೆ ಸವೆದವರು ತಮ್ಮ ಡಾಕ್ಟರನ್ನು ಕೇಳಿಯೇ ಮುಂದೆ ಹೋಗಬೇಕು. ಕಾಲಿನಲ್ಲಿ ಉಬ್ಬಿದ ರಕ್ತನಾಳಗಳ ಮೇಲೆ ಒತ್ತಬಾರದು. ಮಸಾಜ್ ಆದಮೇಲೆ ಕೊಡುವ ಹಬೆ ಸ್ನಾನ ಹೃದಯದ ತೊಂದರೆ ಇರುವವರಿಗೂ ಬಸುರಿಯರಿಗೂ ಆಗುವುದಿಲ್ಲ.

ಊಟದ ವಿಷಯ. ಪ್ರವಾಸಕ್ಕೆ ಬಂದವರು ಮಧ್ಯಾಹ್ನ ಕಡಂಬುಟ್ಟು, ಪಂದಿ ಕರಿ ಹೊಟ್ಟೆ ತುಂಬ ತಿಂದು, ಮೇಲೊಂದು ಲೋಟ ವೈನ್ ಕುಡಿದು, ಮೂರು ಗಂಟೆಗೆ ಮಸಾಜಿಗೆ ಬರುತ್ತಾರಂತೆ. ಇಲ್ಲಿ ಅಂಥವರಿಗೆ ನಾಳೆ ಬನ್ನಿ ಅನ್ನುತ್ತಾರೆ. ಮಗುಚಿ ಮಲಗಬೇಕಲ್ಲ, ತುಂಬಿದ ಹೊಟ್ಟೆಯಲ್ಲಿ ಆಗುತ್ತದಾ? ಊಟ ಆಗಿ ಎರಡು ಗಂಟೆ ಕಳೆದಿರಲಿ. ಕುಡಿದಿದ್ದರೆ ಬೇಡವೇ ಬೇಡ.

ಈಗ ಬೇರೆ ಕಡೆಯ ಒಂದು ಅನುಭವ ಹೇಳಲೇಬೇಕು. ಇದಕ್ಕೂ ಮೊದಲು ನಮ್ಮ ಜಿಲ್ಲೆಯ ಒಂದು ರೆಸಾರ್ಟಿನ ಸ್ಪಾಗೆ ಹೋಗಿದ್ದೆ. ಒಳ್ಳೆ ಲೈಟು, ಒಳ್ಳೆ ಪರಿಮಳ, ಸಂಗೀತ ಎಲ್ಲ ಇತ್ತು. ಆರೋಗ್ಯದ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ. ಒತ್ತಡ ಜಾಸ್ತಿ ಆಯಿತು ಅಂದರೆ, ನೋವಾದರೇನೇ ಒಳ್ಳೆಯದು ಮೇಡಂ ಅಂತ ಇನ್ನೂ ಜೋರಾಗಿ ಮೊಣಕೈ ಊರಿದರು. ಕೊನೆಗೆ ಹೇಳದೆ ಕೇಳದೆ ಕತ್ತನ್ನು ಎರಡೂ ಕಡೆ ಲಟಕ್ ಅನಿಸಿದರು. ಮನೆಗೆ ಬಂದಮೇಲೂ ಕತ್ತು ತಿರುಗಿಸಲು ಆಗಲಿಲ್ಲ. ಕತ್ತು ಲಟಿಕೆ ತೆಗೆಯುವುದು ಆಟ ಅಲ್ಲ. ಮೆದುಳಿಗೆ ರಕ್ತ ಒಯ್ಯುವ ನಾಳಗಳು ಕತ್ತಿನ ಮೂಳೆಯ ಒಳಗಿಂದಲೇ ಹೋಗುತ್ತವೆ. ಒಮ್ಮೆಲೇ ತಿರುಚಿದಾಗ ನಾಳದ ಒಳಪದರ ಹರಿದು ಪಾರ್ಶ್ವವಾಯು ಆದವರಿದ್ದಾರೆ. ಯಾವ ಸ್ಪಾ ಆದರೂ ಸರಿ, ಸೆಲೂನ್ ಆದರೂ ಸರಿ, ಕೂರುವ ಮೊದಲೇ ಕತ್ತು ಲಟಿಕೆ ತೆಗೆಯಬೇಡಿ ಅಂತ ಹೇಳಿಬಿಡಿ.

ಸುಂಟಿಕೊಪ್ಪದ ಜಾಗಕ್ಕೆ ಬರುತ್ತೇನೆ. ನಾನು ಮಾಡಿಸಿದ್ದು ಅಭ್ಯಂಗ, ಅಂದರೆ ಮೈಗೆಲ್ಲ ಎಣ್ಣೆ ಮಸಾಜ್, ಒಂದು ಗಂಟೆ, 1,500 ರೂಪಾಯಿ. ಹೆಂಗಸರಿಗೆ ಹೆಂಗಸರೇ ಮಾಡುತ್ತಾರೆ, ಗಂಡಸರಿಗೆ ಗಂಡಸರು. ಎಣ್ಣೆ ಯಾವುದು ಅಂತ ಬಾಟಲಿ ತೋರಿಸಿ ಹೇಳಿದರು: ಕ್ಷೀರಬಲಾ ತೈಲ. ಬಲಾ ಗಿಡದ ಬೇರು ಮತ್ತು ಹಾಲು ಹಾಕಿ ಎಳ್ಳೆಣ್ಣೆಯಲ್ಲಿ ಕಾಯಿಸಿದ್ದು. ನಾನು ಬಟ್ಟೆ ಬದಲಿಸುವಾಗ ಮಸಾಜ್ ಮಾಡುವವರು ಹೊರಗೆ ಹೋದರು. ಮೈಮೇಲೆ ಪೂರ್ತಿ ಬಟ್ಟೆ ಹೊದಿಸಿ, ಎಲ್ಲಿ ಕೆಲಸ ನಡೆಯುತ್ತಿದೆಯೋ ಅಷ್ಟು ಭಾಗ ಮಾತ್ರ ತೆಗೆಯುತ್ತಿದ್ದರು. ಹೊಟ್ಟೆ ಮುಟ್ಟಬಹುದಾ ಅಂತ ಕೇಳಿಯೇ ಮುಟ್ಟಿದರು. ಬೇಡ ಅನಿಸಿದರೆ ಮಧ್ಯದಲ್ಲೂ ನಿಲ್ಲಿಸಬಹುದು, ಕಾರಣ ಹೇಳಬೇಕಾಗಿಲ್ಲ ಅಂತ ಮೊದಲೇ ಹೇಳಿದ್ದರು. ಮೊದಲ ಸಲ ಹೋಗುವ ಹೆಣ್ಣುಮಕ್ಕಳಿಗೆ ಇಷ್ಟು ಗೊತ್ತಿದ್ದರೆ ಎಷ್ಟೋ ಭಯ ಕಡಿಮೆ ಆಗುತ್ತದೆ. ಸುಮ್ನೆ ಸಂಕೋಚದಿಂದ ಹಲ್ಲು ಕಚ್ಚಿಕೊಂಡು ಮಲಗಬೇಡಿ, ಬೇಡ ಅನ್ನುವುದು ನಿಮ್ಮ ಹಕ್ಕು.

ಭುಜದ ಹತ್ತಿರ ಅವರ ಬೆರಳು ಗಂಟನ್ನು ಹುಡುಕಿ ಅಲ್ಲೇ ನಿಂತಿತು. ಉಜ್ಜಲಿಲ್ಲ, ಸುಮ್ಮನೆ ಒತ್ತಿ ಹಿಡಿದರು, ನಾನು ಉಸಿರು ಬಿಟ್ಟಾಗ ಸ್ವಲ್ಪ ಜಾಸ್ತಿ. ಕೆಸರಿನಲ್ಲಿ ಸಿಕ್ಕಿದ ಜೀಪು ನಿಧಾನಕ್ಕೆ ಮೇಲೆ ಬಂದ ಹಾಗೆ ಆ ಬಿಗಿ ಸಡಿಲವಾಯಿತು. ಮಾರನೇ ದಿನ ಮೈಕೈ ಸ್ವಲ್ಪ ನೋವಿತ್ತು, ಅದು ಒಂದೆರಡು ದಿನ ಸಹಜ. ಆಮೇಲೆ ಕೈ ಎತ್ತಿ ಜಡೆ ಹಾಕಿಕೊಳ್ಳುವಷ್ಟು ಆಯಿತು. ಪೂರ್ತಿ ವಾಸಿ ಆಗಿಲ್ಲ. ಆಗುತ್ತದೆ ಅಂತ ಅವರೂ ಹೇಳಲಿಲ್ಲ, ಗೋಡೆಗೆ ಕೈ ಊರಿ ಮಾಡುವ ವ್ಯಾಯಾಮ ಹೇಳಿಕೊಟ್ಟರು.

ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕಂದರೆ ನಮ್ಮ ಕಡೆ ಬೋರ್ಡುಗಳ ಮೇಲೆ ಏನೇನೋ ಬರೆದಿರುತ್ತಾರೆ. ಒಂದೇ ದಿನದಲ್ಲಿ ಪಂಚಕರ್ಮ, ಶುಗರ್ ಮಾಯ, ಮೈಯೊಳಗಿನ ವಿಷ ಎಲ್ಲ ಹೊರಗೆ. ಪಂಚಕರ್ಮ ಅಂದರೆ ವಮನ (ವಾಂತಿ ಮಾಡಿಸುವುದು), ವಿರೇಚನ (ಭೇದಿ ಮಾಡಿಸುವುದು), ಬಸ್ತಿ (ಎನಿಮಾ), ನಸ್ಯ (ಮೂಗಿಗೆ ಔಷಧಿ), ರಕ್ತಮೋಕ್ಷಣ (ರಕ್ತ ತೆಗೆಯುವುದು). ಎಣ್ಣೆ ಮಸಾಜು, ಹಬೆ ಇವೆಲ್ಲ ಅದಕ್ಕೆ ಮೈಯನ್ನು ಸಿದ್ಧ ಮಾಡುವ ಹಂತ, ಆ ಸಿದ್ಧತೆಗೇ ಹಲವು ದಿನ ಬೇಕು. ಮೈಯೊಳಗಿನ ಕಸ ತೆಗೆಯುವ ಕೆಲಸ ಲಿವರು, ಕಿಡ್ನಿ ಮಾಡುತ್ತವೆ, ಮಸಾಜ್ ಅಲ್ಲ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಪಾರ್ಶ್ವವಾಯು ವಾಸಿ ಮಾಡುತ್ತೇವೆ ಅಂತ ಔಷಧಿಗೆ ಜಾಹೀರಾತು ಹಾಕುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಚಿಕಿತ್ಸೆ ಕೊಡುವ ಖಾಸಗಿ ಕೇಂದ್ರ ಆಗಿದ್ದರೆ, ಆಯುರ್ವೇದ ಇರಲಿ ಪ್ರಕೃತಿ ಚಿಕಿತ್ಸೆ ಇರಲಿ, ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಪ್ರಕಾರ ನೋಂದಣಿ ಆಗಿರಬೇಕು. ಈ ಕೇಂದ್ರದಲ್ಲಿ ಆ ಪ್ರಮಾಣಪತ್ರ ಬಾಗಿಲ ಎದುರೇ ಇದೆ. ಕಾಣದಿದ್ದರೆ ಕೇಳಿ, ಕೇಳಿದ್ದಕ್ಕೆ ಮುಖ ಗಂಟಿಕ್ಕಿದರೆ ಎದ್ದು ಬನ್ನಿ.

ಇಷ್ಟವಾಗದ್ದೂ ಇದೆ. ರೂಮುಗಳ ನಡುವೆ ಬರೀ ಹಲಗೆ ಗೋಡೆ, ಪಕ್ಕದವರ ಫೋನ್ ಮಾತೆಲ್ಲ ಕೇಳಿಸುತ್ತದೆ. ಮಸಾಜಿಗೆ ಮಲಗಿಸುವ ಮರದ ದ್ರೋಣಿಯಲ್ಲಿ ಮಗುಚಿ ಮಲಗಿದರೆ ಕತ್ತಿಗೆ ಕಷ್ಟ, ಟವೆಲ್ ಮಡಿಸಿ ಇಡಲು ನಾನೇ ಕೇಳಬೇಕಾಯಿತು. ಕರೆಂಟ್ ಹೋಗಿ ಬಿಸಿನೀರಿಗೆ ಕಾಯುವಷ್ಟರಲ್ಲಿ ಮೈ ನಡುಗಿತು. ಮಡಿಕೇರಿ ಚಳಿಗೆ ಒಂದು ಒಲೆಯ ವ್ಯವಸ್ಥೆ ಇಟ್ಟುಕೊಳ್ಳಬಾರದಾ? ದುಡ್ಡು ಕೊಡುವ ಹೊತ್ತಿಗೆ ಲೇಹ್ಯ, ಎಣ್ಣೆ ತಗೊಳ್ಳಿ ಅಂತ ಕೌಂಟರಿನ ಹುಡುಗ ಸ್ವಲ್ಪ ಜಾಸ್ತಿಯೇ ಒತ್ತಾಯ ಮಾಡಿದ. ನಾನು ತಗೊಳ್ಳಲಿಲ್ಲ.

ಶಿರೋಧಾರಾ (ಹಣೆಗೆ ಎಣ್ಣೆ ಧಾರೆ) ಅಥವಾ ಪಿಳಿಚಿಲ್ (ಮೈಗೆಲ್ಲ ಬೆಚ್ಚಗಿನ ಎಣ್ಣೆ ಸುರಿಯುವುದು) ಮಾಡಿಸುವವರು ಎಣ್ಣೆಯ ಬಗ್ಗೆ ಕೇಳಲೇಬೇಕು. ಇವುಗಳಲ್ಲಿ ಎಣ್ಣೆ ಲೀಟರುಗಟ್ಟಲೆ ಹೋಗುತ್ತದೆ. ಒಬ್ಬರಿಗೆ ಬಳಸಿದ್ದನ್ನು ಮರುದಿನ ಅವರಿಗೇ ಬಳಸುವುದು ರೂಢಿ, ಇನ್ನೊಬ್ಬರಿಗೆ ಬಳಸಬಾರದು. ನಿಮ್ಮ ಕಣ್ಣೆದುರೇ ಸುರಿಯಲು ಹೇಳಿ. ಇಲ್ಲಿ ಹೆಸರು ಬರೆದ ಡಬ್ಬಿಗಳಲ್ಲಿ ಬೇರೆ ಬೇರೆ ಇಟ್ಟಿದ್ದರು. ಶಿರೋಧಾರಾ ಆದಮೇಲೆ ತಲೆ ಭಾರ, ಕಣ್ಣು ಮಂಪರು ಇರುತ್ತದೆ. ಅದೇ ಹೊತ್ತಲ್ಲಿ ಗಾಡಿ ಹತ್ತಿ ಸಂಪಾಜೆ ಘಾಟಿ ಇಳಿಯುತ್ತೇನೆ ಅನ್ನಬೇಡಿ, ಓಡಿಸಲು ಬೇರೆಯವರಿರಲಿ.

ಕಕ್ಕಡದಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಇಲ್ಲಿ ಜಾಗ ಸಿಗುವುದೇ ಕಷ್ಟ. ಆಗಸ್ಟ್ 3ರ ಸುಮಾರಿಗೆ ನಾವು ಮದ್ದು ಸೊಪ್ಪಿನ ಪಾಯಸ ಮಾಡುವ ಹೊತ್ತಿಗೇ ಪಕ್ಕದ ಕೇರಳದಲ್ಲಿ ಕರ್ಕಿಡಕ ಚಿಕಿತ್ಸೆ, ಅಂದರೆ ಅದೇ ಮಳೆಗಾಲದ ತಿಂಗಳ ಆಯುರ್ವೇದ ಚಿಕಿತ್ಸೆ, ಜೋರಾಗಿರುತ್ತದೆ, ಅದರ ಗಾಳಿ ನಮ್ಮ ಕಡೆಗೂ ಬೀಸಿದೆ. ಮೊದಲೇ ಫೋನ್ ಮಾಡಿ ಬೆಳಗಿನ ಹೊತ್ತು ಕೇಳಿ. ಮಾತ್ರೆ ಚೀಟಿ ತಗೊಂಡು ಹೋಗಿ. ಹಳೇ ಬಟ್ಟೆ ಹಾಕಿಕೊಳ್ಳಿ, ಎಣ್ಣೆ ಕಲೆ ಹೋಗುವುದಿಲ್ಲ. ಕಿವಿ ಮುಚ್ಚುವ ಒಂದು ಟೋಪಿಯೂ ಇರಲಿ, ವಾಪಸ್ ಬರುವಾಗ ಜೀಪಿನಲ್ಲಿ ಗಾಳಿ ಹೊಡೆಯುತ್ತದೆ.